ಬೋಳು ಸೈಪ್ರೆಸ್ ಮರವನ್ನು ಕುಂಡದಲ್ಲಿ ಬೆಳೆಸುವ ಕ್ರಮ

ಅಮೆರಿಕ ಸಂಯುಕ್ತ ಸಂಸ್ಥಾನಗಳ ಆಗ್ನೇಯ ಭಾಗದಲ್ಲಿ, ವಿಶೇಷವಾಗಿ ಮಿಸಿಸಿಪಿ ಮಹಾನದಿಯು ಸಮುದ್ರವನ್ನು ಸೇರುವ ಲೂಯಿಸಿಯಾನ ರಾಜ್ಯದಲ್ಲಿ, ವರ್ಷದ ಬಹುಭಾಗ ನೀರು ನಿಂತಿರತಕ್ಕ ಜೌಗು ಭೂಮಿಗಳು ವಿಸ್ತಾರವಾಗಿ ಹರಡಿವೆ. ಬಹುತೇಕ ಮರಗಳು ಬೇರು ಕೊಳೆತು ಸಾಯುವ ಇಂತಹ ನೆಲದಲ್ಲಿ ನೂರು ಅಡಿಗೆ ಮಿಕ್ಕಿ ಬೆಳೆದು, ನೂರಾರು ವರ್ಷ ಬಾಳತಕ್ಕ ವೃಕ್ಷವೊಂದುಂಟು. ಆ ದೇಶದವರು ಅದನ್ನು ಬಾಲ್ಡ್ ಸೈಪ್ರೆಸ್, ಎಂದರೆ ಬೋಳು ಸೈಪ್ರೆಸ್, ಎಂದು ಕರೆಯುವರು. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಟ್ಯಾಕ್ಸೋಡಿಯಂ ಡಿಸ್ಟಿಕಮ್. ಈ ಮಹಾವೃಕ್ಷವನ್ನೇ ಎರಡು ಮೂರು ಅಡಿಗಳ ಎತ್ತರಕ್ಕೆ ಮೀರದಂತೆ ತಗ್ಗಾದ ಕುಂಡದಲ್ಲಿ ಬೆಳೆಸಿ, ಶತಮಾನಗಳನ್ನು ಕಂಡ ಮರದ ರೂಪವನ್ನು ಅದಕ್ಕೆ ಕೊಡುವ ವಿದ್ಯೆಯು ಆ ಪ್ರಾಂತದಲ್ಲಿ ಬಹಳ ಮಟ್ಟಿಗೆ ಅಭಿವೃದ್ಧಿ ಹೊಂದಿದೆ. ಚೀನಾ ದೇಶದಲ್ಲಿ ಹುಟ್ಟಿ ಜಪಾನಿನಲ್ಲಿ ಪರಿಷ್ಕಾರ ಹೊಂದಿದ ಈ ವಿದ್ಯೆಗೆ ಜಪಾನೀ ಭಾಷೆಯಲ್ಲಿ ಬೋನ್ಸಾಯ್ ಎಂದು ಹೆಸರು.

ಅಲಂಕಾರದ ಗಿಡವೊಂದರ ವಿಚಾರದಿಂದ ಜಮೀನುಳ್ಳವರಿಗೂ ಗ್ರಾಮದ ಮುಖಂಡರಿಗೂ ಆಗಬೇಕಾದುದೇನೆಂದು ಕೆಲವರು ಕೇಳಬಹುದು. ಈ ಜಾತಿಯ ಕುಂಡದ ಮರಗಳಲ್ಲಿ ಹೆಸರಾಂತ ಅನೇಕವು ಬೀಜದಿಂದ ಕುಂಡದಲ್ಲಿ ಹುಟ್ಟಿದವಲ್ಲ. ಜೌಗಿನ ಒಡೆಯರ ಅಪ್ಪಣೆ ಪಡೆದು ಅಗೆದು ತಂದವು. ಯಾವ ಮರವನ್ನು ಕೊಡಬಹುದು, ಯಾವುದನ್ನು ಕೊಡಬಾರದು ಎಂಬ ತೀರ್ಮಾನವು ಕೊನೆಗೆ ಭೂಮಿಯ ಒಡೆಯನದೇ ಆಗಿದೆ. ಆ ತೀರ್ಮಾನವನ್ನು ತಿಳಿದು ಮಾಡಬೇಕಾದರೆ ಮರದ ಸ್ವಭಾವವನ್ನೂ, ಅದನ್ನು ಬೆಳೆಸುವ ಕ್ರಮವನ್ನೂ ಅರಿತಿರುವುದು ಅವಶ್ಯಕ. ಈ ಲೇಖನದ ಉದ್ದೇಶವೂ ಅದೇ.

ಮರದ ಸ್ವಭಾವ

ಇದು ದೇವದಾರು, ಪೈನ್ ಮೊದಲಾದ ಸೂಚೀಪರ್ಣಿ ವೃಕ್ಷಗಳ ವರ್ಗಕ್ಕೆ ಸೇರಿದುದು. ಆ ವರ್ಗದ ಮರಗಳು ಸಾಮಾನ್ಯವಾಗಿ ವರ್ಷವಿಡೀ ಹಸುರಾಗಿರುವುವು. ಆದರೆ ಈ ಮರವು ಚಳಿಗಾಲ ಸಮೀಪಿಸಿದೊಡನೆ ಎಲೆಗಳನ್ನು ತಾಮ್ರದ ಬಣ್ಣಕ್ಕೆ ತಿರುಗಿಸಿ, ಚಿಕ್ಕ ಚಿಕ್ಕ ಕಡ್ಡಿಗಳ ಸಮೇತ ಉದುರಿಸಿಬಿಡುವುದು. ಬೋಳು ಎಂಬ ಹೆಸರು ಬಂದುದು ಇದರಿಂದಲೇ. ಎಲೆಯು ಸುಮಾರು ಅರ್ಧ ಅಂಗುಲ ಉದ್ದ, ಬಹಳ ಮೃದು. ಕಡ್ಡಿಯ ಎರಡು ಪಕ್ಕಗಳಲ್ಲಿಯೂ ಹಕ್ಕಿಯ ಗರಿಯಂತೆ ಸಾಲಾಗಿ ನಿಂತಿರುವುದು.

ನೀರಿನಲ್ಲಿ ಬೆಳೆದ ಮರದ ಬೊಡ್ಡೆಯು ಕೆಳಗೆ ಬಹಳ ಅಗಲವಾಗಿ ಉಬ್ಬಿ, ಮಡಿಕೆ ಮಡಿಕೆಯಾಗಿ ಮೇಲೇರುತ್ತ ಸಣ್ಣದಾಗುವುದು. ಈ ಉಬ್ಬು ಹೆಚ್ಚಾಗಿ ತೋರುವುದು ನೀರು ಏರಿ ಇಳಿದು, ಕಾಂಡವು ಒಮ್ಮೆ ನೆನೆದು ಒಮ್ಮೆ ಗಾಳಿಗೆ ತೆರೆದುಕೊಳ್ಳುವ ಮಟ್ಟದಲ್ಲಿ. ಬೇರುಗಳಿಂದ ಮೊಳಕಾಲಿನ ಆಕಾರದ ಗಟ್ಟಿಯಾದ ಕೊರಡುಗಳು ನೀರಿನ ಮೇಲಕ್ಕೆ ಎದ್ದು ನಿಲ್ಲುವುದೂ ಉಂಟು. ಇವು ಬೇರುಗಳಿಗೆ ಗಾಳಿಯನ್ನು ಒದಗಿಸತಕ್ಕವು ಎಂದು ಬಹುಕಾಲದಿಂದ ಹೇಳುತ್ತ ಬಂದಿದ್ದರೂ, ವಿದ್ವಾಂಸರಲ್ಲಿ ಈ ವಿಷಯದಲ್ಲಿ ಒಮ್ಮತ ಉಂಟಾಗಿಲ್ಲ. ಒಣ ನೆಲದಲ್ಲಿ ನೆಟ್ಟ ಮರಗಳಿಗೆ ಇಂತಹ ಕೊರಡುಗಳು ಸಾಮಾನ್ಯವಾಗಿ ಏಳುವುದಿಲ್ಲ.

ಎಳೆಯ ಮರವು ಗೋಪುರದಂತೆ ಚೂಪಾಗಿ ಬೆಳೆಯುವುದು. ಕಾಲಾಂತರದಲ್ಲಿ ಬಿರುಗಾಳಿ ಸಿಡಿಲುಗಳಿಗೆ ತುದಿಯು ಮುರಿದು, ಕೆಳಗಿನ ಕೊಂಬೆಗಳು ನೆರಳಿನಲ್ಲಿ ಸತ್ತು ಬಿದ್ದು, ಮೇಲಿನ ಕೆಲವು ಕೊಂಬೆಗಳು ಮಾತ್ರ ಕೊಡೆಯಂತೆ ಚಪ್ಪಟೆಯಾಗಿ ಹರಡುವುವು. ಉತ್ತರ ಕ್ಯಾರೊಲೈನ ರಾಜ್ಯದ ಬ್ಲ್ಯಾಕ್ ನದಿಯ ದಡದಲ್ಲಿ ಇಂತಹ ಒಂದು ಮರದ ಕಾಂಡದಿಂದ ಸಣ್ಣ ಕೊರೆತುಂಡನ್ನು ತೆಗೆದು ವರ್ಷದ ಬಳೆಗಳನ್ನು ಎಣಿಸಿದ ವಿಜ್ಞಾನಿಗಳು, ಅದಕ್ಕೆ ಕನಿಷ್ಠ 2,624 ವರ್ಷಗಳ ವಯಸ್ಸಾಗಿದೆ ಎಂದು 2019ರಲ್ಲಿ ಪ್ರಕಟಿಸಿದರು.

ಕಡಿದು ಹೋದ ಕಾಡು

ಈ ಮರದ ಚೇಗು ನೀರಿಗೂ ಹುಳುವಿಗೂ ಸುಲಭವಾಗಿ ಜಗ್ಗದು. ದೋಣಿ, ತೊಟ್ಟಿ, ಮನೆಯ ಹೊದಿಕೆಯ ಹಲಗೆ ಮುಂತಾದವುಗಳಿಗೆ ಇದಕ್ಕೆ ಅಪಾರ ಬೇಡಿಕೆ ಇದ್ದಿತು. ದಕ್ಷಿಣ ಪ್ರಾಂತಗಳ ಸರ್ಕಾರಿ ಭೂಮಿಯನ್ನು ಸಣ್ಣ ಹಿಡುವಳಿದಾರರಿಗಾಗಿ ಕಾದಿರಿಸಿದ್ದ 1866ರ ಕಾನೂನು 1876ರಲ್ಲಿ ರದ್ದಾದ ಮೇಲೆ, ಜೌಗು ಕಾಡುಗಳು ಅತ್ಯಲ್ಪ ಬೆಲೆಗೆ ದೊಡ್ಡ ಕಂಪನಿಗಳ ಕೈಸೇರಿದುವು. ಹಸಿಯ ದಿಮ್ಮಿಯು ನೀರಿನಲ್ಲಿ ಮುಳುಗುವುದಾದಕಾರಣ, ಮೊದಲು ಮರದ ಸುತ್ತಲೂ ತೊಗಟೆಯನ್ನು ಕೆತ್ತಿ, ನಿಂತಲ್ಲಿಯೇ ಒಣಗಿಸಿ, ಬಳಿಕ ಕಡಿದು ತೇಲಿಸಿ ಒಯ್ಯುತ್ತಿದ್ದರು. 1890ರ ಸುಮಾರಿನಲ್ಲಿ ಹಬೆಯಂತ್ರದಿಂದ ದಿಮ್ಮಿಗಳನ್ನು ಎಳೆಯುವ ದೋಣಿಗಳು ಬಂದ ಮೇಲೆ ಕೆಲಸವು ಅತಿ ವೇಗವಾಗಿ ಸಾಗಿತು. 1930ರ ವೇಳೆಗೆ ಲೂಯಿಸಿಯಾನದ ಪುರಾತನ ಸೈಪ್ರೆಸ್ ಕಾಡು ಬಹುಮಟ್ಟಿಗೆ ಮುಗಿದುಹೋಯಿತು. 1963ರಲ್ಲಿ ಆ ರಾಜ್ಯವು ಇದನ್ನೇ ತನ್ನ ರಾಜ್ಯವೃಕ್ಷವೆಂದು ಸಾರಿತು.

ಕಡಿದ ಕಾಡು ಎಲ್ಲೆಡೆಯಲ್ಲಿಯೂ ಮತ್ತೆ ಹುಟ್ಟಲಿಲ್ಲ. ಅದಕ್ಕೆ ಕಾರಣವು ಬೀಜದ ಸ್ವಭಾವದಲ್ಲಿಯೇ ಉಂಟು. ಮರವು ನೀರಿನಲ್ಲಿ ಬಾಳಿದರೂ ಬೀಜವು ನೀರಿನೊಳಗೆ ಮೊಳೆಯದು. ನೀರು ಇಳಿದು, ತೇವವಾದ ಬರಿಯ ಮಣ್ಣು ಮೇಲೆದ್ದಾಗ ಮಾತ್ರ ಮೊಳೆಯುವುದು. ಮೊಳೆತ ಸಸಿಯ ತಲೆಯು ಮುಂದಿನ ನೆರೆಗೆ ಮುಂಚಿತವಾಗಿ ನೀರಿನ ಮಟ್ಟವನ್ನು ಮೀರಿರಬೇಕು. ಬೆಳೆಯುವ ಕಾಲದಲ್ಲಿ ಕೆಲವು ವಾರ ಪೂರ್ಣವಾಗಿ ಮುಳುಗಿದರೆ ಅದು ಸಾಯುವುದು. 1927ರ ಮಹಾ ನೆರೆಯ ತರುವಾಯ ಮಿಸಿಸಿಪಿ ನದಿಯ ದಡಗಳನ್ನು ಏರಿ ಹಾಕಿ ಭದ್ರಪಡಿಸಿದುದರಿಂದ ಹೊಸ ಮೆಕ್ಕಲು ಮಣ್ಣು ಜೌಗಿಗೆ ಬರುವುದು ನಿಂತು, ನೆಲವು ಕುಸಿಯುತ್ತ, ಅನೇಕ ಕಡೆಗಳಲ್ಲಿ ನೀರು ಇಳಿಯುವುದೇ ಇಲ್ಲ. 1960ರ ದಶಕದಲ್ಲಿ ನ್ಯೂ ಆರ್ಲಿಯನ್ಸ್ ನಗರದ ಬಳಿ ಹಡಗುಗಳಿಗಾಗಿ ತೋಡಿದ ಕಾಲುವೆಯ ಮೂಲಕ ಸಮುದ್ರದ ಉಪ್ಪುನೀರು ಒಳಸೇರಿ ಸಾವಿರಾರು ಎಕರೆಗಳ ಮರಗಳು ಒಣಗಿದುವು. 2009ರಲ್ಲಿ ಆ ಕಾಲುವೆಗೆ ಕಲ್ಲಿನ ಒಡ್ಡು ಹಾಕಿ ಮುಚ್ಚಿದರು. ತುಪ್ಪಳಕ್ಕಾಗಿ 1930ರ ದಶಕದಲ್ಲಿ ದಕ್ಷಿಣ ಅಮೆರಿಕದಿಂದ ತಂದು ಸಾಕಿದ ನ್ಯೂಟ್ರಿಯಾ ಎಂಬ ದೊಡ್ಡ ಇಲಿಯಂತಹ ಪ್ರಾಣಿಯು ತಪ್ಪಿಸಿಕೊಂಡು ಹೆಚ್ಚಿ, ಉಳಿದ ಸಸಿಗಳನ್ನು ಕಿತ್ತು ತಿನ್ನುತ್ತಿದೆ. ಕರಾವಳಿಯ ಜೌಗು ಕಾಡುಗಳಲ್ಲಿ ಕೆಲವೆಡೆ ಕೈಯಿಂದ ನೆಟ್ಟ ಹೊರತು ಮರ ಬಾರದೆಂದೂ, ಕೆಲವೆಡೆ ನೆಟ್ಟರೂ ಬಾರದೆಂದೂ, ರಾಜ್ಯದ ಗವರ್ನರರು ನೇಮಿಸಿದ ವಿಜ್ಞಾನಿಗಳ ಮಂಡಲಿಯು 2005ರಲ್ಲಿ ವರದಿ ಮಾಡಿತು. ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ವಿಷಯಗಳನ್ನು ಓದತಕ್ಕದ್ದು.

ಬೀಜವೂ ಸಸಿಯೂ

ಕಾಯಿಯು ಗುಂಡಗೆ, ಸುಮಾರು ಒಂದು ಅಂಗುಲದಷ್ಟು ಇರುವುದು. ಅಕ್ಟೋಬರ್ ತಿಂಗಳಿಂದ ಮುಂದಕ್ಕೆ ಬಲಿತ ಕಾಯಿಗಳನ್ನು ಕೂಡಿಸಿ, ಒಣಗಿಸಿ, ಬಿಡಿಸಬೇಕು. ಬೀಜವನ್ನು ಕೆಲವು ದಿನ ನೀರಿನಲ್ಲಿ ನೆನೆಸಿ, ಒದ್ದೆಯಾದ ಮರಳಿನಲ್ಲಿ ಬೆರೆಸಿ, ಸುಮಾರು 90 ದಿನ ತಂಪಾದ ಸ್ಥಳದಲ್ಲಿ ಇಟ್ಟರೆ ಮೊಳಕೆಯು ಸಮನಾಗಿ ಬರುವುದು. ಬಳಿಕ ಭತ್ತದ ಒಟ್ಟಲಿನಂತೆ ನಯಮಾಡಿದ, ಸದಾ ತೇವವಿರುವ, ಆದರೆ ನೀರು ನಿಲ್ಲದ ಪಾತಿಯಲ್ಲಿ ಬಿತ್ತತಕ್ಕದ್ದು. ಒಂದು ವರ್ಷದ ಸಸಿಯನ್ನು ಕೀಳುವಾಗ ತಾಯಿಬೇರನ್ನು ಕತ್ತರಿಸಿ ನೆಡಬೇಕು. ಇದರಿಂದ ಪಕ್ಕದ ಬೇರುಗಳು ಹೆಚ್ಚಿ, ಬುಡದ ಸುತ್ತಲೂ ಸಮನಾಗಿ ಹರಡುವುವು. ಮುಂದೆ ತಗ್ಗಾದ ಕುಂಡದಲ್ಲಿ ಕೂರಿಸಲು ಇದು ಅತ್ಯಗತ್ಯ.

ಬೊಡ್ಡೆಯನ್ನು ದಪ್ಪ ಮಾಡುವುದು

ಕುಂಡದ ಮರವನ್ನು ಗೊಬ್ಬರ ನೀರುಗಳನ್ನು ತಗ್ಗಿಸಿ ಉಪವಾಸ ಕೆಡವಿ ಕುಳ್ಳಾಗಿಸುತ್ತಾರೆಂಬ ನಂಬಿಕೆಯು ಬಹು ಜನರಲ್ಲಿ ಉಂಟು. ಇದು ತಪ್ಪು ತಿಳಿವಳಿಕೆ. ಸೊರಗಿದ ಗಿಡವು ಸಣ್ಣ ಗಿಡವಾಗಿಯೇ ತೋರುವುದು, ಹಳೆಯ ಮರವಾಗಿ ತೋರದು. ಹಳೆಯದೆಂಬ ಭಾವವು ಬರುವುದು ದಪ್ಪ ಬೊಡ್ಡೆಯಿಂದ. ಬೊಡ್ಡೆಯು ದಪ್ಪವಾಗಬೇಕಾದರೆ ಮೊದಲ ಕೆಲವು ವರ್ಷ ಗಿಡವು ಯಥೇಚ್ಛವಾಗಿ ಬೆಳೆಯಬೇಕು, ಅನಂತರ ಕಡಿಯಬೇಕು. ಬೆಳೆಸಿ ಕಡಿಯುವುದು, ಪುನಃ ಬೆಳೆಸಿ ಪುನಃ ಕಡಿಯುವುದು, ಇದೇ ಈ ವಿದ್ಯೆಯ ಮೂಲಸೂತ್ರ.

ಸಸಿಯನ್ನು ಅಗಲವಾದ ದೊಡ್ಡ ಕುಂಡದಲ್ಲಿ ನೆಟ್ಟು, ಪೂರ್ಣ ಬಿಸಿಲಿನಲ್ಲಿಟ್ಟು, ಬೇಸಗೆಯಲ್ಲಿ ಕುಂಡವನ್ನು ನೀರಿನ ತೊಟ್ಟಿಯೊಳಗೆ ಅರ್ಧದಷ್ಟು ಮುಳುಗುವಂತೆ ಇಡುವರು. ನೀರಿನ ಮಟ್ಟವನ್ನು ಆಗಾಗ್ಗೆ ಏರಿಸಿ ಇಳಿಸಿದರೆ ಜೌಗಿನ ಸ್ಥಿತಿಗೆ ಸಮೀಪವಾಗುವುದು. ಹಿಂಡಿಯ ಗೊಬ್ಬರವನ್ನು ಧಾರಾಳವಾಗಿ ಕೊಡಬಹುದು. ಒಳ್ಳೆಯ ಆರೈಕೆಯಲ್ಲಿ ಎಳೆಯ ಗಿಡವು ಒಂದೇ ವರ್ಷಕ್ಕೆ ಎರಡು ಮೂರು ಅಡಿ ಏರುವುದು.

ನಿಂತ ನೀರಿನಲ್ಲಿ ಸೊಳ್ಳೆ ಹುಟ್ಟದಂತೆ ಎಚ್ಚರ ವಹಿಸಬೇಕು. ವಾರಕ್ಕೊಮ್ಮೆ ನೀರನ್ನು ಚೆಲ್ಲಿ ತೊಟ್ಟಿಯನ್ನು ಉಜ್ಜುವುದು ಉತ್ತಮ. ಇಲ್ಲವೆ ಮೀನನ್ನು ಬಿಡಬೇಕು. ಸೊಳ್ಳೆಯ ಮರಿಗಳನ್ನು ತಿನ್ನುವ ಗ್ಯಾಂಬೂಸಿಯಾ ಮೀನು ಈ ಮರದ ತವರುಸೀಮೆಯ ನೀರಿನದೇ. ಮಲೇರಿಯಾ ನಿವಾರಣೆಗಾಗಿ 1928ರಲ್ಲಿ ಅದನ್ನು ಭಾರತಕ್ಕೂ ತಂದರು. ಕೆರೆ ಹಳ್ಳಗಳಿಗೆ ಸೇರಿದರೆ ಅದು ನಾಡಿನ ಮೀನುಗಳಿಗೆ ಕೇಡು ಮಾಡುವುದಾದಕಾರಣ, ಸಾಕಿದವರು ತೊಟ್ಟಿಯಿಂದಾಚೆಗೆ ಬಿಡಲಾಗದು.

ತಲೆ ಕಡಿಯುವುದು

ಬೊಡ್ಡೆಯು ನಾಲ್ಕು ಅಂಗುಲ ದಪ್ಪವಾಯಿತೆನ್ನೋಣ. ದಪ್ಪದ ಸುಮಾರು ಆರರಷ್ಟು, ಎಂದರೆ ಎರಡು ಅಡಿ, ಮರದ ಕೊನೆಯ ಎತ್ತರವಾಗಿರಬೇಕೆಂಬುದು ಸಾಮಾನ್ಯ ಲೆಕ್ಕ. ಚಳಿಗಾಲದ ಕೊನೆಯಲ್ಲಿ, ಮೊಗ್ಗುಗಳು ಉಬ್ಬುವುದಕ್ಕೆ ಮುಂಚೆ, ಆ ಎತ್ತರದ ಮೂರರಲ್ಲಿ ಎರಡು ಪಾಲಿನಷ್ಟನ್ನು ಉಳಿಸಿ ಕಾಂಡವನ್ನು ಗರಗಸದಿಂದ ಅಡ್ಡಲಾಗಿ ಕತ್ತರಿಸಬೇಕು. ಹದಿನೈದು ಅಡಿಯ ಗಿಡವು ಹದಿನಾರು ಅಂಗುಲದ ಮೋಟಾಗಿ ನಿಂತಾಗ ಹೊಸಬರ ಎದೆ ಕುಸಿಯುವುದು ಸಹಜ. ಆದರೆ ಈ ಜಾತಿಯು ಹಳೆಯ ತೊಗಟೆಯಿಂದಲೂ ಚಿಗುರತಕ್ಕ ಶಕ್ತಿಯುಳ್ಳದ್ದು. ವಸಂತದಲ್ಲಿ ಮೋಟಿನ ಉದ್ದಕ್ಕೂ ಹಲವಾರು ಚಿಗುರುಗಳು ಒಡೆಯುವುವು.

ಅವುಗಳಲ್ಲಿ ಮೇಲ್ತುದಿಗೆ ಸಮೀಪವಾದ ಬಲವಾದ ಒಂದನ್ನು ಆರಿಸಿ, ನೇರವಾಗಿ ಮೇಲಕ್ಕೆ ಕಟ್ಟಿ, ಸ್ವೇಚ್ಛೆಯಾಗಿ ಬೆಳೆಯಬಿಡತಕ್ಕದ್ದು. ಮುಂದೆ ಕೊಂಬೆಗಳಾಗಬೇಕಾದ ಕೆಲವನ್ನು ಉಳಿಸಿಕೊಂಡು ಮಿಕ್ಕವನ್ನು ಚಿವುಟಬೇಕು. ಮರುವರ್ಷ ಮೋಟಿನ ತಲೆಯನ್ನು ಹೊಸ ಚಿಗುರಿನ ಬುಡದಿಂದ ಹಿಂಭಾಗಕ್ಕೆ ಇಳಿಜಾರಾಗಿ ಕೆತ್ತಿ, ಗಾಯಕ್ಕೆ ಮೇಣದ ಲೇಪವನ್ನು ಹಚ್ಚಬೇಕು. ಎರಡು ಮೂರು ವರ್ಷಗಳಲ್ಲಿ ಹೊಸ ತುದಿಯು ದಪ್ಪವಾಗಿ, ಹಳೆಯ ಕಾಂಡದೊಡನೆ ಒಂದಾಗಿ ಸೇರಿ, ಬುಡದಿಂದ ತುದಿಯವರೆಗೆ ಕ್ರಮವಾಗಿ ಸಣ್ಣದಾಗುವ ರೂಪವು ದೊರಕುವುದು. ಆತುರದಿಂದ ಹೊಸ ತುದಿಯನ್ನು ಬೇಗ ಕತ್ತರಿಸಿದವರ ಮರವು ಕೊನೆಯವರೆಗೂ ಕಂಬಕ್ಕೆ ಕಡ್ಡಿ ಸಿಕ್ಕಿಸಿದಂತೆ ಕಾಣುವುದು.

ಕೊಂಬೆಗಳ ರಚನೆ

ಜಪಾನಿನ ಪದ್ಧತಿಯಲ್ಲಿ ನೇರವಾದ ಮರಕ್ಕೆ ಗೋಪುರದ ಆಕಾರವೇ ರೂಢಿ. ನ್ಯೂ ಆರ್ಲಿಯನ್ಸಿನ ವಾನ್ ಬ್ಯಾಂಟಿಂಗ್ ಎಂಬ ಸಸ್ಯನಿಪುಣರು ತಮ್ಮ ಪ್ರಾಂತದ ಹಳೆಯ ಸೈಪ್ರೆಸ್‌ಗಳು ಆ ಆಕಾರದಲ್ಲಿ ಇಲ್ಲವೆಂಬುದನ್ನು ಗಮನಿಸಿ, ಜೌಗಿನಲ್ಲಿ ಕಂಡಂತೆಯೇ ಚಪ್ಪಟೆ ತಲೆಯ ರೂಪವನ್ನು ಕುಂಡದ ಮರಕ್ಕೂ ಕೊಡುವ ಕ್ರಮವನ್ನು ಪ್ರಚಾರಕ್ಕೆ ತಂದರು. ಪುಸ್ತಕದ ಆಕಾರವನ್ನು ಬಿಟ್ಟು, ಆ ಜಾತಿಯು ತನ್ನ ನೆಲದಲ್ಲಿ ಮುಪ್ಪಾಗುವ ರೀತಿಯನ್ನು ಅನುಸರಿಸಿದುದೇ ಇದರ ವಿಶೇಷ.

ಇದಕ್ಕಾಗಿ ತುದಿಯಲ್ಲಿ ಎರಡು ಕವಲುಗಳನ್ನು ಬಿಟ್ಟು, ಒಂದನ್ನು ಬಲವಾಗಿಯೂ ಇನ್ನೊಂದನ್ನು ಸ್ವಲ್ಪ ಸಣ್ಣದಾಗಿಯೂ ಬೆಳೆಸುವರು. ಪ್ರತಿಯೊಂದನ್ನೂ ಮತ್ತೆ ಎರಡಾಗಿ, ನಾಲ್ಕಾಗಿ ಕವಲೊಡೆಯಿಸುತ್ತ ಅಡ್ಡಲಾಗಿ ಹರಡಿಸುವರು. ಕೆಳಗಡೆ ಒಂದೆರಡು ಸಣ್ಣ ಕೊಂಬೆಗಳನ್ನು ಮಾತ್ರ ಜೋತುಬಿದ್ದಂತೆ ಇಟ್ಟು, ಮಿಕ್ಕ ಕಾಂಡವನ್ನು ಬರಿದಾಗಿ ಬಿಡುವರು.

ಎಳೆಯ ಕೊಂಬೆಗಳನ್ನು ಬಗ್ಗಿಸಲು ತಾಮ್ರದ ಅಥವಾ ಅಲ್ಯೂಮಿನಿಯಂ ತಂತಿಯನ್ನು ಸುರುಳಿಯಾಗಿ ಸುತ್ತಬೇಕು. ಈ ಮರವು ವೇಗವಾಗಿ ದಪ್ಪವಾಗುವುದರಿಂದ ತಂತಿಯು ಕೆಲವೇ ವಾರಗಳಲ್ಲಿ ತೊಗಟೆಯನ್ನು ಕೊಯ್ಯುವುದು. ಆದ್ದರಿಂದ ಬೆಳೆಯುವ ಕಾಲದಲ್ಲಿ ವಾರವಾರವೂ ಪರೀಕ್ಷಿಸಿ, ಬಿಗಿಯಾದುದನ್ನು ತುಂಡುತುಂಡಾಗಿ ಕತ್ತರಿಸಿ ತೆಗೆಯಬೇಕು. ಸುರುಳಿ ಬಿಚ್ಚಲು ಹೋದರೆ ಕೊಂಬೆ ಮುರಿಯುವುದು. ತಂತಿ ತೆಗೆದ ಕೊಂಬೆಯು ಪುನಃ ಮೇಲಕ್ಕೆ ಏಳುವುದು ಈ ಮರದ ಸ್ವಭಾವವಾದಕಾರಣ, ಒಂದೇ ಕೊಂಬೆಗೆ ಎರಡು ಮೂರು ಸಲ ತಂತಿ ಸುತ್ತಬೇಕಾಗುವುದು.

ಕುಂಡ, ಮಣ್ಣು, ನೀರು

ಬೇರು ಬಹಳ ಬೇಗ ಕುಂಡವನ್ನು ತುಂಬುವುದು. ಎಳೆಯ ಮರವನ್ನು ವರ್ಷಕ್ಕೊಮ್ಮೆ ಅಥವಾ ಎರಡು ವರ್ಷಕ್ಕೊಮ್ಮೆ ಚಳಿಗಾಲದ ಕೊನೆಯಲ್ಲಿ ಎತ್ತಿ, ಬೇರಿನ ಮೂರರಲ್ಲೊಂದು ಪಾಲನ್ನು ಕತ್ತರಿಸಿ, ಹೊಸ ಮಣ್ಣಿನಲ್ಲಿ ನೆಡಬೇಕು. ದಪ್ಪ ಮರಳು, ಪುಡಿಮಾಡಿದ ತೊಗಟೆ, ಹಗುರವಾದ ಮಣ್ಣು ಇವುಗಳ ಮಿಶ್ರಣವು ಒಳ್ಳೆಯದು. ಸುಣ್ಣದ ಅಂಶ ಹೆಚ್ಚಾದ ಮಣ್ಣೂ ನೀರೂ ಈ ಮರಕ್ಕೆ ಒಗ್ಗವು; ಎಲೆಗಳು ಹಳದಿಗೆ ತಿರುಗುವುವು. ಬೇಸಗೆಯಲ್ಲಿ ಒಂದು ದಿನ ನೀರು ತಪ್ಪಿದರೂ ಎಲೆಗಳು ಒಣಗಿ ಕಂದುಬಣ್ಣಕ್ಕೆ ತಿರುಗಬಹುದು. ಚಳಿಗಾಲದಲ್ಲಿ ಎಲೆಯುದುರಿಸಿ ವಿಶ್ರಮಿಸುವ ಮರವನ್ನು ಮನೆಯೊಳಗೆ ಇಡಲಾಗದು.

ಜೌಗಿನಿಂದ ಮರ ತರುವುದು

ಬೀಜದಿಂದ ನಾಲ್ಕಾರು ಅಂಗುಲ ದಪ್ಪದ ಬೊಡ್ಡೆಯನ್ನು ಪಡೆಯಲು ಹತ್ತಾರು ವರ್ಷಗಳು ಬೇಕು. ಆದಕಾರಣ ಅನೇಕರು ಜೌಗಿನಲ್ಲಿ ತಾನಾಗಿ ಬೆಳೆದ ಮರವನ್ನು ಹುಡುಕುವರು. ಜನವರಿ ಫೆಬ್ರವರಿ ತಿಂಗಳುಗಳಲ್ಲಿ, ಮರವು ಬೋಳಾಗಿರುವಾಗ, ಕಾಂಡವನ್ನು ಎರಡು ಮೂರು ಅಡಿಗಳ ಎತ್ತರದಲ್ಲಿ ಕಡಿದು, ಬೊಡ್ಡೆಯ ಸುತ್ತಲೂ ಸ್ವಲ್ಪ ದೂರದಲ್ಲಿ ಬೇರುಗಳನ್ನು ಗರಗಸದಿಂದ ಕೊಯ್ದು, ಅಡಿಯ ಬೇರುಗಳನ್ನೂ ಕತ್ತರಿಸಿ ಎತ್ತುವರು. ತಳವನ್ನು ಸಮನಾಗಿ ಕೊಯ್ದು, ಅಗಲವಾದ ಪಾತ್ರೆಯಲ್ಲಿ ನೆಟ್ಟು, ಬುಡವನ್ನು ಸದಾ ಒದ್ದೆಯಾಗಿಡುವರು. ಬೇರುಗಳನ್ನು ಬಹುಪಾಲು ಕಳೆದುಕೊಂಡರೂ ವಸಂತದಲ್ಲಿ ಚಿಗುರೊಡೆಯುವುದು ಈ ಮರದ ಅದ್ಭುತವಾದ ಗುಣ. ಆದರೆ ಮೊದಲು ಒಡೆದ ಚಿಗುರು ಕಾಂಡದಲ್ಲಿ ಕೂಡಿಟ್ಟ ಸತ್ತ್ವದಿಂದ ಬಂದುದಾಗಿರಬಹುದು; ಹೊಸ ಬೇರು ಹುಟ್ಟಿ ಬೆಳವಣಿಗೆ ಮುಂದುವರಿದ ಮೇಲೆಯೇ ಮರ ಉಳಿಯಿತೆಂದು ತಿಳಿಯತಕ್ಕದ್ದು.

ಭೂಮಾಲೀಕನು ನೋಡತಕ್ಕ ಅಂಶಗಳು

ಮೇಲೆ ಹೇಳಿದುದನ್ನೆಲ್ಲ ಕೂಡಿಸಿ ನೋಡಿದರೆ ಒಂದು ವಿಷಯವು ಸ್ಪಷ್ಟವಾಗುವುದು. ಕುಂಡದ ಮರದವನು ಹುಡುಕುವುದು ಆಕಾಶಕ್ಕೇರಿದ ಹಳೆಯ ಮರವನ್ನಲ್ಲ. ನಾಲ್ಕಾರು ಅಂಗುಲದ ದಪ್ಪವಿರುವ, ನೀರಿನಲ್ಲಿ ನಿಂತು ಬೊಡ್ಡೆ ಉಬ್ಬಿದ, ಎಳೆಯ ಮರವನ್ನು. ಜೌಗಿನ ಕಾಡಿಗೆ ಅತ್ಯಂತ ದುರ್ಲಭವಾದುದೂ ಅದೇ. ನೀರಿಳಿದ ಒಂದು ಅಪೂರ್ವ ವರ್ಷದಲ್ಲಿ ಮೊಳೆತು, ನೆರೆಗೆ ಮುಳುಗದೆ, ನ್ಯೂಟ್ರಿಯಾದ ಹಲ್ಲಿಗೆ ಸಿಕ್ಕದೆ, ಉಪ್ಪಿಗೆ ಸಾಯದೆ ಉಳಿದ ಮರವದು. ಮುಂದಿನ ಕಾಡು ಹುಟ್ಟಬೇಕಾದುದು ಅದರಿಂದ. ನೂರು ಎಕರೆಯ ಜೌಗಿನಲ್ಲಿ ನಾಲ್ಕು ಮರ ಹೋದರೆ ನಷ್ಟವೇನೆಂದು ಒಡೆಯನು ಎಣಿಸಬಹುದು. ಆದರೆ ಆ ವಯಸ್ಸಿನವು ಅಲ್ಲಿ ನಾಲ್ಕೇ ಇದ್ದಿರಬಹುದು.

ಆದ್ದರಿಂದ ಅಪ್ಪಣೆ ಕೊಡುವುದಕ್ಕೆ ಮುಂಚೆ ಒಡೆಯನು ತಾನೇ ಸ್ಥಳಕ್ಕೆ ಹೋಗಿ ನೋಡುವುದು ಯುಕ್ತ. ಕಾಲುವೆಯ ಹೂಳೆತ್ತುವಾಗ ಹೇಗೂ ಕಿತ್ತುಹಾಕತಕ್ಕವು, ರಸ್ತೆಯ ಪಕ್ಕದಲ್ಲಿ ಪ್ರತಿವರ್ಷವೂ ಕತ್ತಿಗೆ ಸಿಕ್ಕುವುವು, ಕಟ್ಟಡಕ್ಕೆಂದು ತೆರವು ಮಾಡುವ ನೆಲದವು, ಕೊಳದ ಅಂಚಿನಲ್ಲಿ ಒತ್ತಾಗಿ ಹುಟ್ಟಿ ಒಂದನ್ನೊಂದು ಕೊಲ್ಲುವುವು, ಇವುಗಳನ್ನು ಕೊಡುವುದರಿಂದ ಯಾವ ಹಾನಿಯೂ ಇಲ್ಲ. ಹಾಳಾಗತಕ್ಕ ಮರಕ್ಕೆ ಬಾಳು ಬಂದಂತಾಗುವುದು. ಎಲ್ಲಿ ಹೊಸ ಸಸಿಗಳೇ ಕಾಣದೋ ಅಲ್ಲಿಂದ ಒಂದು ಮರವನ್ನೂ ಕೊಡತಕ್ಕದ್ದಲ್ಲ. ಸರ್ಕಾರದ ಅಥವಾ ಸಾರ್ವಜನಿಕರ ಭೂಮಿಯಿಂದ ಲಿಖಿತ ಅಪ್ಪಣೆಯಿಲ್ಲದೆ ಅಗೆಯಲಾಗದು. ಕೊಟ್ಟ ಪ್ರತಿಯೊಂದು ಮರಕ್ಕೆ ಬದಲಾಗಿ, ತಲೆಯು ನೀರಿನ ಮೇಲಿರುವಷ್ಟು ಎತ್ತರದ ಕೆಲವು ಸಸಿಗಳನ್ನು ನೆಟ್ಟು, ಸುತ್ತಲೂ ಗಟ್ಟಿಯಾದ ತೋಳುಗವಸನ್ನೋ ತಂತಿಬಲೆಯನ್ನೋ ಹಾಕಿ ನ್ಯೂಟ್ರಿಯಾದಿಂದ ಕಾಯಬೇಕೆಂಬ ಷರತ್ತನ್ನು ಒಡಂಬಡಿಕೆಯಲ್ಲಿ ಸೇರಿಸುವುದು ಮೇಲು.

ನಮ್ಮ ಗ್ರಾಮಗಳಲ್ಲಿ ಈ ಜಾತಿಯ ಜೌಗು ಇಲ್ಲ. ಆದರೂ ಕುಂಡದ ಮರಗಳ ಅಭಿಲಾಷೆಯು ನಮ್ಮ ಪಟ್ಟಣಗಳಲ್ಲಿಯೂ ಹಬ್ಬಿದೆ. ಅಂತಹವರು ಹಳ್ಳಿಗೆ ಬಂದು ಗಿಡ ಕೇಳಿದರೆ ಇದೇ ವಿವೇಚನೆಯು ಉಪಯೋಗಕ್ಕೆ ಬರುವುದು. ಹಳೆಯ ಗೋಡೆ, ಬಾವಿಯ ಕಟ್ಟೆ, ತೂಬಿನ ಕಲ್ಲುಗಳ ಸಂದಿನಲ್ಲಿ ಹುಟ್ಟಿ ಕಟ್ಟಡವನ್ನು ಸೀಳುವ ಅರಳಿ, ಆಲ, ಗೋಣಿಯ ಗಿಡಗಳನ್ನು ಧಾರಾಳವಾಗಿ ಕೊಡಬಹುದು. ಅವು ಕುಂಡಕ್ಕೆ ಚೆನ್ನಾಗಿ ಒಗ್ಗುವುವು, ಗೋಡೆಯೂ ಉಳಿಯುವುದು. ಬಂಜರಿನಲ್ಲಿಯೋ ಕೆರೆಯಂಗಳದಲ್ಲಿಯೋ ಒಂಟಿಯಾಗಿ ಉಳಿದುಕೊಂಡಿರುವ ಎಳೆಯ ಮರವನ್ನು ಕೇಳಿದರೆ, ಅದರ ಸುತ್ತ ಅದೇ ಜಾತಿಯ ಬೇರೆ ಸಸಿಗಳುಂಟೇ ಎಂದು ಮೊದಲು ನೋಡಿ, ಬಳಿಕ ಉತ್ತರ ಹೇಳತಕ್ಕದ್ದು.